ಅಪ್ಪ ಶೋರೂಮಿನಿಂದ ತಂದ ಪಿಕಪ್

ಮರಿಸ್ವಾಮಿಯವರ ಹಳೆಯ ಪಿಕಪ್ ವೇಗ ಅರವತ್ತು ದಾಟಿದರೆ ಸಾಕು, ಗಡಗಡ ನಡುಗುತ್ತಿತ್ತು. ಹಿಂದಿನ ಚಕ್ರಗಳನ್ನು ತಿರುಗಿಸುವ ಶಾಫ್ಟ್ ಎರಡು ತುಂಡಿನದು. ನಡುವೆ ಅದನ್ನು ಹಿಡಿದಿದ್ದ ಬೇರಿಂಗ್ ಸವೆದಿತ್ತು. ಮೆಕ್ಯಾನಿಕ್ ಅನ್ವರ್ ಎರಡನ್ನೂ ಕಿತ್ತು, ಉದ್ದಕ್ಕೂ ಒಂದೇ ತುಂಡಿನ ಶಾಫ್ಟ್ ಕೂರಿಸಿದ.

ಗಾಡಿಯ ನಡುಕ ನಿಂತಿತು. ಮರಿಸ್ವಾಮಿಯವರದು ಶುರುವಾಯಿತು. ಭಾನುವಾರ ಹಳೆಯ ವಾಹನಗಳ ಸ್ಪರ್ಧೆಯಿತ್ತು. ಕಂಪನಿಯಿಂದ ಬಂದಂತೆಯೇ ಉಳಿದಿರುವ ಗಾಡಿಗೆ ಮಾತ್ರ ಕಪ್. ಆ ಕಪ್ಪಿಗಾಗಿ ಅವರು ಮನೆಯ ಷೋಕೇಸಿನಲ್ಲಿ ಆಗಲೇ ಜಾಗ ಖಾಲಿ ಮಾಡಿಸಿದ್ದರು.

"ಹಳೇ ಶಾಫ್ಟೇ ವಾಪಸ್ ಹಾಕಯ್ಯ."

"ಮತ್ತೆ ನಡುಗುತ್ತೆ ಸಾರ್."

"ನಡುಗಲಿ. ನಮ್ಮಪ್ಪ ಶೋರೂಮಿಂದ ತಂದಾಗ ಹೆಂಗಿತ್ತೋ ಹಂಗೇ ಇರ್ಬೇಕು."

"ಹಂಗೇ ಇತ್ತಾ ಅಂತ ಒಂದು ಸಲ ಯಾರನ್ನಾದ್ರೂ ಕೇಳೋಣ ಸಾರ್. ನಂಗೂ ಸರಿಯಾಗಿ ಗೊತ್ತಿಲ್ಲ."

"ಗೊತ್ತಿಲ್ದೋನು ಗೊತ್ತಿರೋನಿಗೆ ಹೇಳ್ಬೇಡ. ನೀನು ಹುಟ್ಟೋಕೆ ಮುಂಚೆಯಿಂದ ಇದ್ರಲ್ಲಿ ಓಡಾಡ್ತಿದೀನಿ."

ಅನ್ವರ್ ಗಾಡಿಯ ಕೆಳಗೆ ನುಸುಳಿದ.

ಭಾನುವಾರ ಪಿಕಪ್ ನಡುಗುತ್ತಲೇ ಮೈದಾನ ತಲುಪಿತು. ತೀರ್ಪುಗಾರರು ಬಾನೆಟ್ ಎತ್ತಿದರು, ಬಾಗಿಲು ತೆಗೆದು ಮುಚ್ಚಿದರು, ಪ್ರತಿಯೊಂದಕ್ಕೂ ತಲೆದೂಗಿದರು. ಕೊನೆಗೆ ಟಾರ್ಚ್ ಹಿಡಿದು ಗಾಡಿಯ ಕೆಳಗೆ ಇಣುಕಿದರು.

"ಈ ಶಾಫ್ಟು?"

"ನಮ್ಮಪ್ಪನ ಕಾಲದ್ದು ಸಾರ್," ಮರಿಸ್ವಾಮಿ ಎದೆಯುಬ್ಬಿಸಿದರು. "ನಟ್ಟು ಕೂಡ ಮುಟ್ಟಿಲ್ಲ!"

ತೀರ್ಪುಗಾರರು ಮೊಣಕಾಲಿನ ಧೂಳು ಕೊಡವಿಕೊಂಡು ಎದ್ದರು.

"ಈ ಮಾಡೆಲ್‌ಗೆ ಕಂಪನಿಯವ್ರು ಕೊಟ್ಟಿದ್ದು ಒಂದೇ ತುಂಡಿನ ಶಾಫ್ಟು. ಇದನ್ನ ನಿಮ್ಮಪ್ಪ ಯಾವ ಗುಜರಿಯಿಂದ ತಂದ್ರು?"