ಐವತ್ತು ನಿಮಿಷದ ಉಡಿ

ಬಿಳಿಜೋಳದ ಕೊಯ್ಲು ಅರ್ಧಕ್ಕೆ ಬಂದಿತ್ತು. ಆದರೂ ನಾಳೆ ಚಿದಾನಂದನ ಬಸುರಿ ತಂಗಿಯ ಕುಬಸಕ್ಕೆ ತವರಿನ ಉಡಿ ಮುಟ್ಟಲೇಬೇಕು. ಕಾಕಾ ಕಲ್ಲಪ್ಪ ಕುಡಗೋಲನ್ನು ಬದುವಿನ ಮೇಲಿಟ್ಟು, ಅಲ್ಲೇ ಇದ್ದ ಉಡಿಯ ಚೀಲ ಎತ್ತಿಕೊಂಡು, "ಸಂಜಿ ಬಸ್ಸಿಗೆ ನಾ ಒಯ್ತೀನಿ ತಗೋ," ಎಂದ.

ಚಿದಾನಂದನಿಗೆ ನಗು ಬಂತು. "ಕುಬಸಕ್ಕ ಹೊಂಟರ ತೊಟ್ಟಲಕ್ಕ ಮುಟ್ಟತೀ ನೀ! ನಮ್ಮ ಏರ್‌ಪೋರ್ಟಿಂದ ಅವರ ಏರ್‌ಪೋರ್ಟಿಗೆ ಗಾಳ್ಯಾಗ ಮುನ್ನೂರು ಕಿಲೋಮೀಟರು, ಐವತ್ತು ನಿಮಿಷ. ನಿನಗೇನ್ ತಿಳೀತೈತಿ, ಜ್ವಾಳಾ ಕೊಯ್ಯಿ," ಎಂದು ಚೀಲವನ್ನು ಕಾಕಾನ ಕೈಯಿಂದ ಎಳೆದುಕೊಂಡ.

ಮರುದಿನ ಅವನು ಎಲ್ಲರಿಗಿಂತ ಮೊದಲೇ ಬೀಗರ ಮನೆ ಮುಟ್ಟಿದ. ಬಸ್ಸಿನಲ್ಲಿ ಬಂದ ನೆಂಟರು ಧೂಳು ಕೊಡವಿಕೊಳ್ಳುವುದನ್ನು ಕಂಡು ಮೂಗು ಮುರಿದ. "ಚಕ್ಕಡಿ ಸಿಗಲಿಲ್ಲೇನ್ರೀ?" ಎಂದು ಒಬ್ಬರನ್ನು ಕೇಳಿಯೂಬಿಟ್ಟ.

ತಂಗಿ ಹಸಿರು ಸೀರೆಯುಟ್ಟು ಸೆರಗೊಡ್ಡಿ ಕುಳಿತಳು. ಅವಳ ಅತ್ತೆ ಚೀಲದಿಂದ ಅಕ್ಕಿ ತೆಗೆದಳು, ಉತ್ತತ್ತಿ ತೆಗೆದಳು, ಮತ್ತೆ ಮತ್ತೆ ಕೈಯಾಡಿಸಿದಳು.

"ಕೊಬ್ಬರಿ ಬಟ್ಟಲಾ ಎಲ್ಲಿ ತಮ್ಮಾ? ತವರಿನ ಕೊಬ್ಬರಿ ಇಲ್ಲದ ಉಡಿ ಹ್ಯಾಂಗ ತುಂಬೂದು?"

ಸೇರಿದ ಮುತ್ತೈದೆಯರೆಲ್ಲ ಅವನತ್ತ ತಿರುಗಿದರು.

"ಒಣಕೊಬ್ಬರಿಗೆ ಲಗೂನ ಬೆಂಕಿ ಹತ್ತತೈತಂತ, ವಿಮಾನದಾಗ ಬಿಡಂಗಿಲ್ಲಂತ್ರೀ... ಅಲ್ಲೇ ಕಸಗೊಂಡ್ರು."