ಸಮುದ್ರ ಕಾಣದ ರೂಮು

ನುಣುಪು ಕಾಗದದ ಅಚ್ಚುಬಣ್ಣದ ವಾಸನೆ ಬಂದರೆ ಇವತ್ತಿಗೂ ಹೊಳಲ್ಕೆರೆಯ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಬೇಸಿಗೆ ರಜೆಗೆ ಎಲ್ಲರೂ ಅಂಡಮಾನಿಗೆ ಹೋಗುವುದೆಂದು ಅಪ್ಪ ಅಲ್ಲಿನ ಲಾಡ್ಜುಗಳ ಚಿತ್ರಗಳನ್ನು ತಂದು ಚಾಪೆಯ ಮೇಲೆ ಹರಡಿದ್ದರು. ಕಿಟಕಿ ತುಂಬ ನೀಲಿ ಸಮುದ್ರವಿದ್ದ ಕೋಣೆಯ ಮೇಲೆ ನಾನು ಬೆರಳಿಟ್ಟೆ.

“ಅದು ಬ್ಯಾಡ ಕಣ್ರಿ. ನೀರು ಕಾಣದಿರೋ ರೂಮು ಐತೇನು ನೋಡ್ರಿ,” ಅಂದಳು ಅಮ್ಮ.

“ಸಮುದ್ರ ನೋಡಾಕೇ ಅಲ್ವೇನಮ್ಮ ಹೋಗ್ತಿರೋದು?”

ಅಮ್ಮ ಎದ್ದು ಒಳಗೆ ಹೋದಳು. ಹಿರಿಯೂರಿನಿಂದ ಬಂದಿದ್ದ ಅವಳ ತಾಯಿ, ನನ್ನಜ್ಜಿ, ಮೆಲ್ಲಗೆ ಅಂದಳು: “ಸುಮ್ಕಿರು. ನಿನ್ನ ಮಾವ ಮಾರಿಕಣಿವೆ ಡ್ಯಾಮಿನಾಗೆ ಈಜಾಕೆ ಇಳಿದು ಮ್ಯಾಲೆ ಬರದೇ ಹೋದಾಗ ದಡದಾಗೆ ಅವನ ಬಟ್ಟೆ ಕಾಯ್ತಾ ಕುಂತಿದ್ದೋಳು ನಿಮ್ಮಮ್ಮನೇ.”

ನನಗೊಬ್ಬ ಸೋದರಮಾವನಿದ್ದದ್ದೇ ಗೊತ್ತಿರಲಿಲ್ಲ. ಅಪ್ಪ ರಸ್ತೆ ಕಡೆ ಕಿಟಕಿಯಿದ್ದ ಕೋಣೆಗೆ ಗುರುತು ಹಾಕಿದರು.