ಬಿಸಿನೀರಿನ ಯಾತ್ರೆ

ಇಂಗ್ಲೆಂಡಿನ ಆ ಬಿಸಿನೀರ ಬುಗ್ಗೆಯ ಊರಿಗೆ ನೀಲವ್ವ ಬಂದದ್ದು ಹಳೆಯ ಕಟ್ಟಡ ನೋಡಲಿಕ್ಕಲ್ಲ, ಗಂಡನ ಮೊಣಕಾಲು ನೋವು ಕಳೆಯಲಿಕ್ಕೆ. ರಾಜರಾಣಿಯರೆಲ್ಲ ಮಿಂದು ಗುಣವಾಗಿದ್ದರಂತೆ. ಕೊಳವೇನೋ ಕಣ್ಣೆದುರೇ ಹಬೆಯಾಡುತ್ತಿತ್ತು, ಆದರೆ ಅಂಚಿನಲ್ಲಿ ನಿಂತ ಕಾವಲುಗಾರ ಬೆರಳು ಅದ್ದಲಿಕ್ಕೂ ಬಿಡಲೊಲ್ಲ.

“ಇಳಿಯೋ ಹಂಗಿಲ್ಲಂತ. ಬೇಕಾದ್ರ ಒಂದ್ ಗ್ಲಾಸ್ ಕುಡೀಬಹುದಂತ,” ಎಂದರು ಇಂಗ್ಲಿಷ್ ಮಾಸ್ತರಕಿ ಮಾಡಿ ನಿವೃತ್ತರಾಗಿದ್ದ ಗಂಡ ವೀರಭದ್ರಪ್ಪ. ಪರದೇಶದ ಮಂದಿಯೆದುರು ಬರಿಮೈಯಾಗುವುದು ತಪ್ಪಿತೆಂಬ ಹಿಗ್ಗು ಅವರ ಮುಖದಲ್ಲಿ ನೀಲವ್ವನಿಗೆ ಕಾಣದೇ ಇರಲಿಲ್ಲ.

ಅವಳು ಒಂದು ಗುಟುಕು ಕುಡಿದು ಮುಖ ಕಿವುಚಿದಳು. “ಥೂ, ತುಕ್ಕು ಹಿಡಿದ ಮೊಳಿ ನೆನಸಿಟ್ಟಂಗೈತಿ. ಔಷಧಿನ ಇದು, ಅನುಮಾನಿಲ್ಲ. ಇಲ್ಲೀತನಕ ಬಂದು ಮುಳುಗಲಾರದ ಹೋದ್ರ ಯಾತ್ರಿ ಹೆಂಗಾತ್ರೀ?”

“ಕಾಯ್ದೆ ಅಂದ್ರ ಕಾಯ್ದೆ. ಇದೇನ್ ನಿಮ್ಮಪ್ಪನ ಊರ ಹೊಂಡ ಅಲ್ಲ.”

“ಆತ್ರಿ. ಅಕಸ್ಮಾತ್ ಯಾರರ ಕಾಲ್ಜಾರಿ ಬಿದ್ರ ಏನ್ಮಾಡ್ತಾರ, ಅಷ್ಟ ಕೇಳ್ರಿ.”

ಮಾಸ್ತರರು ಕೇಳಿದರು. ಕಾವಲುಗಾರ ನಕ್ಕು ಏನೋ ಹೇಳಿದ.

“ಬಿದ್ದವರದು ತಪ್ಪಿಲ್ಲಂತ. ಮ್ಯಾಲೆತ್ತಿ, ಟವೆಲ್ ಸುತ್ತಿ, ಚಾ ಕುಡಿಸಿ ಕಳಸ್ತಾರಂತ. ಸಾಕಾ?”

“ಸಾಕ್ರೀ,” ಎಂದು ನೀಲವ್ವ ಗಂಡನ ಮೂಗಿನ ಮೇಲಿನ ಕನ್ನಡಕ ತೆಗೆದು, ಜೇಬಿನಿಂದ ಮೊಬೈಲು, ಪಾಸ್‌ಪೋರ್ಟು ಎತ್ತಿ, ಜೋಪಾನವಾಗಿ ತನ್ನ ಚೀಲಕ್ಕೆ ಹಾಕಿಕೊಂಡಳು.